ನಾಯಿ ಬೊಗಳಿದರೆ ಯಾರ ನಿದ್ದೆ ಹಾಳು?

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ಗಾದೆ. ದೇವಲೋಕದ ಮಾತು ಹಾಗಿರಲಿ, ಪಕ್ಕದ ಮನೆಯವರ ನಿದ್ದೆಯಂತೂ ಹಾಳಾಗುತ್ತದೆ.

ನಾನು ಬಾಡಿಗೆಗಿರುವ ಮನೆಯ ಮೇಲಿನ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎದುರು ಮನೆಯ ತಾರಸಿಯಲ್ಲಿ ಟೈಗರ್ ಎಂಬ ನಾಯಿ ಇದೆ. ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಿಳಿ ಹಾಳೆ, ಪೆನ್ನು ಹಿಡಿದುಕೊಂಡು ಕೆಳಗಿಳಿದು ಬಂದರು. ‘ನೀವು ಪೇಪರಿನವರು. ಆ ನಾಯಿಯ ಮೇಲೆ ಪೊಲೀಸರಿಗೆ ಒಂದು ಅರ್ಜಿ ಬರೆದುಕೊಡಿ. ಯಾವ ಕಾನೂನು, ಯಾವ ಸೆಕ್ಷನ್ ಎಲ್ಲ ಸರಿಯಾಗಿ ಹಾಕಿ’ ಎಂದರು. ಅವರ ಮನೆಯಾಕೆಗೆ ರಕ್ತದೊತ್ತಡ. ರಾತ್ರಿ ಮಾತ್ರೆ ನುಂಗಿ ಮಲಗಿದರೂ ಎರಡು ಗಂಟೆಗೆ ಟೈಗರ್ ಬೊಗಳಿದರೆ ಮತ್ತೆ ಬೆಳಗಿನವರೆಗೂ ಕಣ್ಣು ಮುಚ್ಚುವಂತಿಲ್ಲ.

ಅರ್ಜಿ ತಾನೆ, ಅರ್ಧ ಗಂಟೆಯ ಕೆಲಸ ಎಂದುಕೊಂಡು ಕುಳಿತೆ. ಸೆಕ್ಷನ್ ಹುಡುಕುತ್ತ ಹೋದಂತೆ, ಇದು 1860ರಿಂದ ಇಂದಿನವರೆಗೆ ಚಾಚಿಕೊಂಡಿರುವ ಒಂದು ದೊಡ್ಡ ಕತೆ ಎಂದು ಗೊತ್ತಾಯಿತು. ನಾಯಿ ಬೊಗಳುವುದು ನಮ್ಮ ದೇಶದಲ್ಲಿ ಅಪರಾಧವೇ? ಅಪರಾಧವಾದರೆ ಅಪರಾಧಿ ಯಾರು?

ಉದ್ಯೋಗವೇ ಉಪದ್ರವವಾದದ್ದು

ಹಳ್ಳಿಯಲ್ಲಿ ನಾಯಿಗೆ ಬೊಗಳುವುದೇ ಉದ್ಯೋಗ. ಕಣದಲ್ಲಿ ರಾಶಿ ಇರುವಾಗ, ಕೊಟ್ಟಿಗೆಯಲ್ಲಿ ದನಕರು ಇರುವಾಗ, ತೋಟದ ಒಂಟಿ ಮನೆಯಲ್ಲಿ ಹೆಂಗಸರು ಮಕ್ಕಳಷ್ಟೇ ಇರುವಾಗ ಬೊಗಳದ ನಾಯಿಯನ್ನು ಸಾಕಿ ಏನು ಪ್ರಯೋಜನ? ನಡುರಾತ್ರಿ ನಾಯಿ ಬೊಗಳಿದರೆ ಯಜಮಾನ ಎದ್ದು ಲಾಟೀನು ಹಿಡಿದು ಒಂದು ಸುತ್ತು ಬಂದು ಮಲಗುತ್ತಿದ್ದ. ಊಳಿಟ್ಟರೆ ಮಾತ್ರ ಅಪಶಕುನವೆಂದು ಎಲ್ಲರಿಗೂ ಅಂಜಿಕೆ.

ನಾಯಿಯ ಬಗ್ಗೆ ನಮ್ಮ ನಾಡಿಗೆ ಇದ್ದ ಅಭಿಮಾನವೂ ಕಡಿಮೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೇ ಇದಕ್ಕೆ ಸಾಕ್ಷಿ. ಗಂಗ ಅರಸ ಬೂತುಗನ ಸೇವಕನಾದ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಅರಸನ ಬಳಿ ಕೇಳಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರ ಜತೆ ಸೆಣಸಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ನಾಯಿ, ಹಂದಿಗಳ ಕಾಳಗವನ್ನು ಕೆತ್ತಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಲಾಗಿದೆ.

ಊರು ನಗರವಾದಂತೆ ನಾಯಿ ಬದಲಾಗಲಿಲ್ಲ, ಮನೆ ಬದಲಾಯಿತು. ಮೂವತ್ತು-ನಲವತ್ತರ ನಿವೇಶನದಲ್ಲಿ ಮೂರು ಮಹಡಿ ಎದ್ದಿತು. ಒಂದು ಮನೆಯ ಕಿಟಕಿಗೂ ಮತ್ತೊಂದರ ಕಿಟಕಿಗೂ ನಡುವೆ ಕೈ ಚಾಚುವಷ್ಟೇ ಜಾಗ ಉಳಿಯಿತು. ಮೊದಲು ಒಂದು ಮನೆಯನ್ನು ಎಚ್ಚರಿಸುತ್ತಿದ್ದ ಕೂಗು ಈಗ ಹನ್ನೆರಡು ಮನೆಗಳನ್ನು ಎಚ್ಚರಿಸುತ್ತದೆ. ಹಳ್ಳಿಯ ಉದ್ಯೋಗ ಪಟ್ಟಣದಲ್ಲಿ ಉಪದ್ರವವಾದದ್ದು ಹೀಗೆ.

ಕಾನೂನಿನ ಮೊದಲ ಬಾಗಿಲು

‘ನಾಯಿ ಬೊಗಳಬಾರದು’ ಎಂಬ ಸೆಕ್ಷನ್ ನಮ್ಮ ದಂಡಸಂಹಿತೆಯಲ್ಲಿ ಇಲ್ಲ. ಇರುವುದು ‘ಸಾರ್ವಜನಿಕ ಉಪದ್ರವ’ ಎಂಬ ವಿಶಾಲವಾದ ಮಾತು. ಮೆಕಾಲೆ ಕರಡು ಸಿದ್ಧಪಡಿಸಿ, 1860ರಲ್ಲಿ ಕಾಯ್ದೆಯಾದ ಭಾರತೀಯ ದಂಡಸಂಹಿತೆಯ 268ನೇ ಸೆಕ್ಷನ್ ಇದನ್ನು ವಿವರಿಸಿತ್ತು. ಸಾರ್ವಜನಿಕರಿಗೆ ಅಥವಾ ನೆರೆಯಲ್ಲಿ ವಾಸಿಸುವ ಜನರಿಗೆ ಹಾನಿ, ಅಪಾಯ, ಕಿರಿಕಿರಿ ಉಂಟುಮಾಡುವ ಕೃತ್ಯ ಮಾತ್ರವಲ್ಲ, ಮಾಡಬೇಕಾದ್ದನ್ನು ಮಾಡದೆ ಬಿಡುವುದೂ ಉಪದ್ರವವೇ. ನಾಯಿಯ ಮಾಲೀಕ ಸಿಕ್ಕಿಬೀಳುವುದು ಈ ಎರಡನೆಯದರಲ್ಲಿ. ಬೊಗಳಿದ್ದು ನಾಯಿಯಾದರೂ ಸುಮ್ಮನೆ ಕುಳಿತವನು ಅವನು.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. 268 ಹೋಗಿ 270 ಆಯಿತು. ದಂಡ ಹೇಳುವ 290 ಹೋಗಿ 292 ಆಯಿತು. ಹಿಂದೆ 200 ರೂಪಾಯಿ ಇದ್ದ ಗರಿಷ್ಠ ದಂಡ 1,000 ರೂಪಾಯಿಗೆ ಏರಿತು. ನಿಲ್ಲಿಸು ಎಂದು ಅಧಿಕಾರವುಳ್ಳವರು ಆದೇಶಿಸಿದ ಮೇಲೂ ಮುಂದುವರಿಸಿದರೆ 293ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಾದಾ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಈ ಕಾನೂನಿನಲ್ಲಿ ಒಂದು ಸ್ವಾರಸ್ಯವಿದೆ. ಉಪದ್ರವದಿಂದ ಯಾರಿಗೋ ಅನುಕೂಲವಾಗುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಮಾಫಿ ಇಲ್ಲ. ‘ನಮ್ಮ ನಾಯಿ ಇಡೀ ಬೀದಿಯನ್ನೇ ಕಾಯುತ್ತದೆ ಸ್ವಾಮಿ’ ಎಂಬ ವಾದ ನಡೆಯದು. ಆದರೆ ಇದೇ ಸಂಹಿತೆಯ 33ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಸಾಮಾನ್ಯ ತಿಳಿವಳಿಕೆ, ಸ್ವಭಾವದ ಮನುಷ್ಯ ದೂರು ಹೇಳಲಾರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ. ಅಂಚೆಯವನನ್ನು ಕಂಡು ನಾಲ್ಕು ಸಲ ಬೊಗಳಿದ್ದಕ್ಕೆ ಠಾಣೆಯ ಮೆಟ್ಟಿಲು ಹತ್ತುವಂತಿಲ್ಲ.

ಹತ್ತಿದರೂ ಏನಾಗುತ್ತದೆ? ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟಿಲ್ಲದೆ ಬಂಧಿಸುವಂತಿಲ್ಲ. ದೂರು ಬರೆದುಕೊಂಡು ಹಿಂಬರಹ ಕೊಡಬಹುದು, ಎದುರು ಮನೆಯವರನ್ನು ಕರೆಸಿ ಬುದ್ಧಿ ಹೇಳಬಹುದು. ಇನ್ನೊಂದು ದಾರಿಯೂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಅದರ ಪ್ರಕಾರ ಉಪವಿಭಾಗದ ಮ್ಯಾಜಿಸ್ಟ್ರೇಟರು ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಷರತ್ತಿನ ಆದೇಶ ಹೊರಡಿಸಬಹುದು.

ಆದರೆ ಇದಕ್ಕೆಲ್ಲ ಉಪದ್ರವ ‘ಸಾರ್ವಜನಿಕ’ವಾಗಿರಬೇಕು. ಬೀದಿಯ ಹತ್ತು ಮನೆಯವರು ನಿದ್ದೆಗೆಟ್ಟಿದ್ದರೆ ಅದು ಸಾರ್ವಜನಿಕ. ಮೇಷ್ಟ್ರ ಮನೆಯವರು ಮಾತ್ರ ನಿದ್ದೆಗೆಟ್ಟಿದ್ದರೆ ಅದು ‘ಖಾಸಗಿ ಉಪದ್ರವ’. ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ನಿರ್ಬಂಧಕಾಜ್ಞೆ ಕೇಳಬೇಕು.

ಮಿಠಾಯಿಯವನೂ ಡಾಕ್ಟರೂ

ಖಾಸಗಿ ಉಪದ್ರವದ ಕಾನೂನು ನಮಗೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿನ 1879ರ ಒಂದು ಮೊಕದ್ದಮೆಯನ್ನು ನಮ್ಮ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ. ಲಂಡನ್ನಿನಲ್ಲಿ ಒಬ್ಬ ಮಿಠಾಯಿ ತಯಾರಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದೊಡ್ಡ ಒರಳುಗಳಲ್ಲಿ ಕುಟ್ಟುವ ಕೆಲಸ ಮಾಡಿಕೊಂಡಿದ್ದ. ಪಕ್ಕದ ಮನೆಗೆ ಡಾಕ್ಟರೊಬ್ಬರು ಬಂದರು. ಹಿತ್ತಿಲಿನ ತುದಿಯಲ್ಲಿ ರೋಗಿಗಳನ್ನು ನೋಡಲು ಕೋಣೆ ಕಟ್ಟಿಸಿದರು. ಒರಳಿನ ಗುದ್ದಾಟದಲ್ಲಿ ರೋಗಿಯ ಎದೆಬಡಿತ ಕೇಳಿಸದೆ ನ್ಯಾಯಾಲಯಕ್ಕೆ ಹೋದರು. ‘ಮೊದಲಿನಿಂದ ಇದ್ದವನು ನಾನು’ ಎಂದ ಮಿಠಾಯಿಯವನು. ನ್ಯಾಯಾಲಯ ಡಾಕ್ಟರ ಪರ ನಿಂತಿತು.

ಮೊದಲು ಬಂದವನಿಗೆ ಸದ್ದು ಮಾಡುವ ಹಕ್ಕು ತಾನಾಗಿ ಬಂದುಬಿಡುವುದಿಲ್ಲ ಎಂಬುದು ಆ ತೀರ್ಪಿನ ಒಂದು ಪಾಠ. ಉಪದ್ರವವನ್ನು ಆಯಾ ಬಡಾವಣೆಯ ಸ್ವಭಾವ ನೋಡಿ ಅಳೆಯಬೇಕು ಎಂಬುದು ಇನ್ನೊಂದು. ಕಾರ್ಖಾನೆಗಳ ನಡುವೆ ಸಹಿಸಬೇಕಾದ ಸದ್ದನ್ನು ಮನೆಗಳ ಬೀದಿಯಲ್ಲಿ ಸಹಿಸಬೇಕಾಗಿಲ್ಲ. ಹಾಗೆಯೇ, ಸೂಜಿ ಬಿದ್ದರೂ ಬೆಚ್ಚುವವನ ಕಿವಿ ಇಲ್ಲಿ ಅಳತೆಗೋಲಲ್ಲ. ಸಾಧಾರಣ ಮನುಷ್ಯನ ಕಿವಿ ಅಳತೆಗೋಲು.

ಮೀಟರಿಗೆ ಸಿಗದ ಬೊಗಳು

ಕಿವಿಯ ಗೊಡವೆ ಏಕೆ, ಮೀಟರಿನಲ್ಲೇ ಅಳೆಯಬಾರದೇ ಎಂದು ಮೇಷ್ಟ್ರು ಕೇಳಿದರು. ಅದಕ್ಕೂ ನಿಯಮವಿದೆ. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಸದ್ದು ಈ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಹತ್ತು ಎಂದರೆ ಅಲ್ಪವಲ್ಲ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ.

ದೊಡ್ಡ ನಾಯಿಯೊಂದು ಹತ್ತಿರದಲ್ಲಿ ಬೊಗಳಿದರೆ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆದರೂ ಮೀಟರಿನಿಂದ ಮೇಷ್ಟ್ರಿಗೆ ಹೆಚ್ಚು ಸಹಾಯವಾಗದು. ಏಕೆಂದರೆ ನಿಯಮದ 45, 55 ಎಂಬ ಅಂಕಿಗಳು ಒಂದು ಕ್ಷಣದ ಸದ್ದಿನವಲ್ಲ, ಒಂದು ಅವಧಿಯ ಸರಾಸರಿ. ರಾತ್ರಿಯಿಡೀ ಅರಚುವ ಧ್ವನಿವರ್ಧಕ ಈ ಸರಾಸರಿಗೆ ಸಿಕ್ಕಿಬೀಳುತ್ತದೆ. ಎರಡು ಗಂಟೆಗೆ ನಾಲ್ಕು ಬಾರಿ, ಮೂರು ಗಂಟೆಗೆ ಆರು ಬಾರಿ ಬೊಗಳಿದ್ದು ನಡುವಿನ ಮೌನದಲ್ಲಿ ಕರಗಿಹೋಗುತ್ತದೆ. ಮಲಗಿದವರನ್ನು ಎಬ್ಬಿಸಲು ಮಾತ್ರ ಆ ನಾಲ್ಕು ಬಾರಿಯೇ ಸಾಕು.

ಕೆಲವು ದೇಶಗಳು ಇದಕ್ಕೇ ಮೀಟರು ಬಿಟ್ಟು ಗಡಿಯಾರ ಹಿಡಿದವು. ನ್ಯೂಯಾರ್ಕ್ ನಗರದ ನಿಯಮದಲ್ಲಿ ಸಾಕುಪ್ರಾಣಿಯ ಸದ್ದು ಹಗಲಿನಲ್ಲಿ ಹತ್ತು ನಿಮಿಷ, ರಾತ್ರಿ ಐದು ನಿಮಿಷ ನೆರೆಮನೆಯೊಳಗೆ ಸ್ಪಷ್ಟವಾಗಿ ಕೇಳಿಸುತ್ತಲೇ ಇದ್ದರೆ ತಪ್ಪು. ಜರ್ಮನಿಯ ಕೊಲೋನ್ ನಗರದ ಮೇಲ್ಮನವಿ ನ್ಯಾಯಾಲಯ 1993ರಲ್ಲಿ, ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಮತ್ತು ದಿನಕ್ಕೆ ಒಟ್ಟು ಅರ್ಧ ಗಂಟೆಗಿಂತ ಹೆಚ್ಚು ಕಾಲ ಬೊಗಳು ಕೇಳಿಸಬಾರದು, ರಾತ್ರಿ ಮತ್ತು ಮಧ್ಯಾಹ್ನದ ವಿಶ್ರಾಂತಿ ವೇಳೆಯಲ್ಲಂತೂ ಕೂಡದು ಎಂದಿತು. ನಾಯಿಗೆ ಗಡಿಯಾರ ನೋಡಲು ಬರುವುದಿಲ್ಲ, ನಿಜ. ಮಾಲೀಕನಿಗೆ ಬರುತ್ತದೆಯಲ್ಲ!

ನಿದ್ದೆಯ ಹಕ್ಕು, ನಾಯಿಯ ಹಕ್ಕು

ನಮ್ಮ ಸುಪ್ರೀಂ ಕೋರ್ಟು ನೆಮ್ಮದಿಯ ಪರವಾಗಿ ದೊಡ್ಡ ಮಾತುಗಳನ್ನೇ ಹೇಳಿದೆ. ತನ್ನ ಜಾಗದಲ್ಲೇ ಆದರೂ ನೆರೆಯವರಿಗೆ ಉಪದ್ರವವಾಗುವಂತೆ ಶಬ್ದ ಮಾಡುವ ಹಕ್ಕನ್ನು ಯಾರೂ ಸಾಧಿಸುವಂತಿಲ್ಲ ಎಂಬುದು 2005ರ ಜುಲೈ 18ರ ಶಬ್ದಮಾಲಿನ್ಯ ತೀರ್ಪಿನ ತಿರುಳು. ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲೆ ಪೊಲೀಸರು ನಡೆಸಿದ ಕಾರ್ಯಾಚರಣೆಯ ಪ್ರಕರಣದಲ್ಲಿ, 2012ರಲ್ಲಿ, ನಿದ್ದೆಯೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಾಯಿಯಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸಾಕುನಾಯಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನಾಯಿ ಸಾಕುವುದನ್ನು ಬಡಾವಣೆಯ ಅಥವಾ ಅಪಾರ್ಟ್‌ಮೆಂಟಿನ ಸಂಘ ನಿಷೇಧಿಸುವಂತಿಲ್ಲ. ಎಲ್ಲರೂ ಒಮ್ಮತದಿಂದ ಠರಾವು ಮಾಡಿದರೂ ಅದು ನಡೆಯದು. ಬೊಗಳುವುದು ನಾಯಿಯ ಸಹಜ ಗುಣ, ಅದನ್ನು ನೆಪ ಮಾಡಿ ಹೊರಹಾಕುವಂತಿಲ್ಲ. ಆದರೆ ಬಿಡುವಿಲ್ಲದ ಬೊಗಳು ನೆರೆಯವರಿಗೆ ತೊಂದರೆ ಕೊಡುತ್ತದೆ, ರಾತ್ರಿ ಹೊತ್ತು ನಾಯಿಯನ್ನು ಸುಮ್ಮನಿರಿಸಲು ಮಾಲೀಕರು ಶ್ರಮಿಸಬೇಕು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

ತಾಳ್ಮೆ ಕೆಟ್ಟವರು ಕೆಲವೊಮ್ಮೆ ಅನ್ನಕ್ಕೆ ವಿಷ ಬೆರೆಸುವ ದಾರಿ ಹಿಡಿಯುತ್ತಾರೆ. ಅವರು ತಿಳಿದಿರಬೇಕಾದ ಲೆಕ್ಕ ಇದು: ಬೊಗಳಲು ಬಿಟ್ಟವನಿಗೆ ಹೆಚ್ಚೆಂದರೆ ಸಾವಿರ ರೂಪಾಯಿ ದಂಡ, ವಿಷ ಹಾಕಿದವನಿಗೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸೆರೆವಾಸ.

ಬೀದಿ ನಾಯಿಗಳ ಕತೆ ಬೇರೆ. ಅವಕ್ಕೆ ಮಾಲೀಕನಿಲ್ಲ, ಹಾಗಾಗಿ ನೋಟಿಸು ಪಡೆಯುವವರಿಲ್ಲ. 2001ರಲ್ಲಿ ಬಂದು 2023ರಲ್ಲಿ ಹೊಸದಾಗಿ ರೂಪುಗೊಂಡ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸ್ಥಳೀಯ ಸಂಸ್ಥೆಯ ಹೊಣೆ. 2025ರಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗಗಳ ಬಗ್ಗೆ ಬೇರೆ ಆದೇಶ ಮಾಡಿತು. ಆದರೆ ಅದು ಕಡಿತದ ಭಯದಿಂದ ಹುಟ್ಟಿದ ಆದೇಶ, ಸದ್ದಿನಿಂದಲ್ಲ. ಬೆದೆಗೆ ಬಂದ ಕಾಲದಲ್ಲಿ ನಡುರಾತ್ರಿ ನಡೆಯುವ ಕಚ್ಚಾಟ, ಕೂಗಾಟ ಶಸ್ತ್ರಚಿಕಿತ್ಸೆಯಿಂದ ತಗ್ಗುತ್ತದೆ. ಆದ್ದರಿಂದ ಬೀದಿ ನಾಯಿಯ ಗದ್ದಲಕ್ಕೆ ಅರ್ಜಿ ಹೋಗಬೇಕಾದ್ದು ಠಾಣೆಗಲ್ಲ, ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ.

ಮರೆತುಹೋದ ಒಂದು ಸಾಲು

ಇಷ್ಟೆಲ್ಲ ಟಿಪ್ಪಣಿ ಮಾಡಿಕೊಂಡ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಟೈಗರ್ ಅಷ್ಟೊಂದು ಬೊಗಳುವುದು ಏಕೆ?

ನಾಯಿಯ ಪೂರ್ವಜನಾದ ತೋಳ ದೊಡ್ಡದಾದ ಮೇಲೆ ಬೊಗಳುವುದು ಅಪರೂಪ. ಬೊಗಳು ಹೆಚ್ಚಾದದ್ದು ಮನುಷ್ಯನ ಸಹವಾಸದಲ್ಲಿ. ಹಂಗೆರಿಯ ಬುಡಾಪೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕುರಿಕಾಯುವ ತಳಿಯ ನಾಯಿಗಳ ಬೊಗಳನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಪರಿಚಿತನನ್ನು ಕಂಡಾಗಿನ ಬೊಗಳು ಯಾವುದು, ಆಟದ್ದು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದು ಯಾವುದು ಎಂದು ಜನ ಸಾಕಷ್ಟು ಮಟ್ಟಿಗೆ ಗುರುತಿಸಿದರು. ನಾಯಿ ಸಾಕದವರೂ ಗುರುತಿಸಿದರು. ಅಂದರೆ ನಾಯಿ ಏನು ಹೇಳುತ್ತಿದೆ ಎಂದು ನಮಗೆ ತಿಳಿಯದೆ ಇಲ್ಲ. ಕೇಳುವ ವ್ಯವಧಾನ ಇಲ್ಲ, ಅಷ್ಟೆ.

ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ. ಅಲ್ಲಿಯವರೆಗೆ ಟೈಗರ್ ತಾರಸಿಯ ನೀರಿನ ತೊಟ್ಟಿಯ ಕಂಬಕ್ಕೆ ಮೂರು ಅಡಿ ಸರಪಳಿಯಲ್ಲಿ. ರಾತ್ರಿಯೂ ಅಲ್ಲೇ. ಇದನ್ನು ನಾನು ವರ್ಷದಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಕಾನೂನಿನ ಪುಸ್ತಕ ನೋಡುವವರೆಗೆ ಅದಕ್ಕೆ ಅರ್ಥವಿದೆ ಎಂದು ಹೊಳೆದಿರಲಿಲ್ಲ.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಅದರ 11ನೇ ಸೆಕ್ಷನ್ನಿನ ಉದ್ದನೆಯ ಪಟ್ಟಿಯಲ್ಲಿ ಎರಡು ಸಾಲುಗಳಿವೆ. ಪ್ರಾಣಿಯನ್ನು ವಿವೇಚನೆಯಿಲ್ಲದೆ ಹೆಚ್ಚು ಹೊತ್ತು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ಮಾಲೀಕನ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಈ ಮೊತ್ತ ನೋಡಿ ಯಾರೂ ನಡುಗುವುದಿಲ್ಲ. ಆದರೆ ನಮ್ಮ ದೇಶದ ಕಾನೂನುಗಳ ಪೈಕಿ ಬೊಗಳಿನ ಮೂಲಕ್ಕೆ ಕೈಯಿಟ್ಟದ್ದು ಈ ಸಾಲುಗಳು. ಉಳಿದವೆಲ್ಲ ಕೇಳುವವನ ಕಿವಿಯನ್ನು ಕಾಯುತ್ತವೆ. ಇದು ನಾಯಿಯ ಕೊರಳನ್ನು ನೋಡುತ್ತದೆ. ಕೊರಳಿನ ಸರಪಳಿ ಸಡಿಲವಾದರೆ ಕಿವಿಯ ಕಷ್ಟವೂ ಅರ್ಧ ಕಡಿಮೆಯಾಗುತ್ತದೆ.

ಆದ್ದರಿಂದ ಇಂಥ ಜಗಳದಲ್ಲಿ ಸಿಕ್ಕಿಬಿದ್ದವರು ಹಿಡಿಯಬೇಕಾದ ಕ್ರಮ ಹೀಗೆ. ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಆಗ ಬೀದಿಯಲ್ಲಿ ಏನು ನಡೆಯುತ್ತಿತ್ತು. ಮುಂದೆ ನ್ಯಾಯಾಲಯಕ್ಕೆ ಹೋದರೂ ಇದೇ ಆಧಾರ. ನಂತರ ಮಾಲೀಕರೊಂದಿಗೆ ಹಗಲು ಹೊತ್ತಿನಲ್ಲಿ ಮಾತಾಡಿ. ನಡುರಾತ್ರಿ ಕಿಟಕಿಯಿಂದ ಕೂಗಿದ್ದು ಮಾತುಕತೆಯಲ್ಲ. ಅದು ಫಲಿಸದಿದ್ದರೆ ಪತ್ರ, ಸಂಘ; ಆಮೇಲೆ ಠಾಣೆ, ಉಪವಿಭಾಗಾಧಿಕಾರಿ; ಕೊನೆಗೆ ಸಿವಿಲ್ ನ್ಯಾಯಾಲಯ. ಅಲ್ಲಿ ತೀರ್ಪು ಬರುವಷ್ಟರಲ್ಲಿ ನಾಯಿಗೆ ಮುಪ್ಪು ಬಂದಿರುವ ಸಂಭವವೂ ಉಂಟು.

ಮೇಷ್ಟ್ರು ಶಿಸ್ತಿನಿಂದ ಎರಡು ವಾರ ಬರೆದರು. ಆ ನೋಟ್‌ಬುಕ್ಕು ನೋಡಿದಾಗ ನಾನು ಪೆಚ್ಚಾದೆ. ರಾತ್ರಿ ಎರಡರ ಸುಮಾರಿಗೆ ಟೈಗರ್ ಬೊಗಳಿದ್ದು ವಾರಕ್ಕೆ ಐದು ದಿನ. ಆ ಐದೂ ನನ್ನ ರಾತ್ರಿ ಪಾಳಿಯ ದಿನಗಳು. ಆಫೀಸು ಮುಗಿಸಿ ಬಂದು ಬೀದಿಯಲ್ಲಿ ಬೈಕು ನಿಲ್ಲಿಸಿ ಗೇಟು ಕಿರ್ರೆನ್ನಿಸುತ್ತಿದ್ದವನು ನಾನೇ.

ಎದುರು ಮನೆಗೆ ನಾವಿಬ್ಬರೂ ಹೋದೆವು. ಮೇಷ್ಟ್ರ ಮನೆಯಾಕೆಯ ಕಾಯಿಲೆ ಅವರಿಗೆ ಗೊತ್ತೇ ಇರಲಿಲ್ಲ. ‘ಹೇಳಬಾರದಿತ್ತೇ ಸಾರ್’ ಎಂದು ಆ ಹೆಣ್ಣುಮಗಳು ನೊಂದುಕೊಂಡರು. ಗಂಡ ಮಾತ್ರ ಮೊದಲು ಮುಖ ಗಂಟಿಕ್ಕಿದ್ದರು. ಈಗ ಟೈಗರ್ ರಾತ್ರಿ ಮನೆಯೊಳಗೆ ಮಲಗುತ್ತದೆ, ಬೆಳಿಗ್ಗೆ ಅರ್ಧ ಗಂಟೆ ತಿರುಗಾಟವಿದೆ. ಹಗಲಿನ ಸರಪಳಿ ಇನ್ನೂ ಹೋಗಿಲ್ಲ, ಹಗಲಿನ ಬೊಗಳೂ ಹೋಗಿಲ್ಲ. ನಾನು ಗೇಟಿಗೆ ಎಣ್ಣೆ ಹಾಕಿದ್ದೇನೆ. ಬೀದಿಯ ತಿರುವಿನಲ್ಲೇ ಬೈಕಿನ ಎಂಜಿನ್ ಆರಿಸಿ ತಳ್ಳಿಕೊಂಡು ಬರುತ್ತೇನೆ. ಮೇಷ್ಟ್ರು ತಂದ ಬಿಳಿ ಹಾಳೆ ನನ್ನ ಮೇಜಿನ ಮೇಲೆಯೇ ಉಳಿಯಿತು. ಈ ಲೇಖನದ ಮೊದಲ ಪುಟವನ್ನು ಬರೆದದ್ದು ಅದರಲ್ಲೇ.